ಹೊಸ ಗಾಡಿಗೆ ಬುಕಿಂಗ್ ಅಡ್ವಾನ್ಸ್: ಎಲ್ಲಿ ಕೊಡಬಹುದು, ಎಲ್ಲಿ ಕೊಡಬಾರದು

ಅಡಿಕೆ ದುಡ್ಡು ಕೈಗೆ ಬರುವ ಹೊತ್ತಿಗೆ ಶಿವಮೊಗ್ಗದ ಶೋರೂಂಗಳಲ್ಲಿ ಜನ ಜಾಸ್ತಿ. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯವರೆಲ್ಲ ಬರುತ್ತಾರೆ. ಟೆಸ್ಟ್ ಡ್ರೈವ್ ಆಗುತ್ತದೆ, ಕಾಫಿ ಬರುತ್ತದೆ, ಬಿಳಿ ಬೇಕಾ ಬೂದು ಬೇಕಾ ಅಂತ ಮನೆಗೆ ಫೋನ್ ಹೋಗುತ್ತದೆ. ಅಷ್ಟರಲ್ಲಿ ಎಕ್ಸಿಕ್ಯೂಟಿವ್ ಹೇಳುತ್ತಾನೆ: "ಸಾರ್, ಐವತ್ತು ಸಾವಿರ ಹಾಕ್ಬಿಡಿ, ಗಾಡಿ ನಿಮ್ಮ ಹೆಸರಿಗೆ ಬ್ಲಾಕ್ ಮಾಡ್ತೀನಿ."

ಬ್ಲಾಕ್ ಅಂದರೆ ಏನು? ಅದನ್ನೇ ಕೇಳಬೇಕು. ಆ ದುಡ್ಡಿಗೆ ನಿಮಗೆ ಸಿಗುವುದು ಕಂಪನಿಯ ಕ್ಯೂನಲ್ಲಿ ಒಂದು ಜಾಗವಾ, ಚಾಸಿಸ್ ನಂಬರ್ (ಪ್ರತಿ ಗಾಡಿಯ ಮೇಲೂ ಕೊರೆದಿರುವ ಅದರದೇ ಗುರುತಿನ ನಂಬರ್) ಸಮೇತ ಇಂಥದ್ದೇ ಅನ್ನುವ ಒಂದು ಗಾಡಿಯಾ, ಅಥವಾ ಬರೀ ಆ ಹುಡುಗನ ಬಾಯಿಮಾತಾ? ಮೊದಲನೆಯದಕ್ಕೆ ಸಣ್ಣ ಟೋಕನ್ ಸಾಕು. ಎರಡನೆಯದಕ್ಕೆ ದೊಡ್ಡ ಮೊತ್ತ ಕೊಟ್ಟರೂ ತಪ್ಪಿಲ್ಲ. ಮೂರನೆಯದಕ್ಕೆ ನಾನಂತೂ ಒಂದು ರೂಪಾಯಿಯನ್ನೂ ಕೊಡುವುದಿಲ್ಲ.

ಯಾರ್ಡ್‌ನಲ್ಲೇ ನಿಂತಿರುವ ಗಾಡಿ

ಇದು ಸುಲಭದ ಕೇಸು. ನಿಮಗೆ ಬೇಕಾದ ಮಾಡೆಲ್, ಬಣ್ಣ ಎಲ್ಲ ಸ್ಟಾಕ್‌ನಲ್ಲಿದ್ದರೆ ಅವಸರ ಇರುವುದು ನಿಮಗಲ್ಲ, ಡೀಲರ್‌ಗೆ. ಗಾಡಿ ನಿಂತಷ್ಟು ದಿನ ಅವರು ಬ್ಯಾಂಕಿಗೆ ಬಡ್ಡಿ ಕಟ್ಟುತ್ತಾರೆ. ಇಲ್ಲಿ ಅಡ್ವಾನ್ಸ್ ಕೊಟ್ಟುಬಿಟ್ಟರೆ ಚೌಕಾಸಿ ಮಾಡುವ ಬಲ ಅಲ್ಲಿಗೇ ಹೋಯಿತು. ದುಡ್ಡು ಕಟ್ಟಿದ ಗಿರಾಕಿಗೆ ಮತ್ತೆ ಡಿಸ್ಕೌಂಟ್ ಯಾರು ಕೊಡುತ್ತಾರೆ? ಅದಕ್ಕೇ ಮೊದಲು ಪೂರ್ತಿ ಲೆಕ್ಕ ಕಾಗದದ ಮೇಲೆ ಬರೆಸಿಕೊಳ್ಳಿ. ಎಕ್ಸ್ ಶೋರೂಂ ದರ (ಇನ್ಶೂರೆನ್ಸ್, ರಸ್ತೆ ತೆರಿಗೆ ಸೇರಿಸದ ಗಾಡಿಯ ಬೆಲೆ), ಇನ್ಶೂರೆನ್ಸ್, ಲೈಫ್‌ಟೈಮ್ ಟ್ಯಾಕ್ಸ್ (ಒಂದೇ ಸಲ ಕಟ್ಟುವ ರಸ್ತೆ ತೆರಿಗೆ), ಆಕ್ಸೆಸರಿ, ಡಿಸ್ಕೌಂಟ್ ಎಲ್ಲ ಬೇರೆ ಬೇರೆ ಸಾಲಿನಲ್ಲಿ ಇರಲಿ. ಅದು ಒಪ್ಪಿಗೆಯಾದ ಮೇಲೆ ಐದೋ ಹತ್ತೋ ಸಾವಿರ ಕೊಟ್ಟು ಚಾಸಿಸ್ ನಂಬರ್ ಬರೆಸಿಕೊಂಡರೆ ಆಯಿತು.

ಸ್ಕೂಟರ್, ಬೈಕ್‌ಗಂತೂ ಅಡ್ವಾನ್ಸ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹೆಚ್ಚಿನವು ಸ್ಟಾಕ್‌ನಲ್ಲೇ ಇರುತ್ತವೆ.

ವೇಟಿಂಗ್ ಇರುವ ಗಾಡಿ

ತಲೆನೋವು ಶುರುವಾಗುವುದು ಇಲ್ಲಿ. ನಮ್ಮ ಕಡೆ ಜನ ಕೇಳುವ ಗಾಡಿಗಳೂ ಅಂಥವೇ. ಘಾಟಿ ಹತ್ತಬೇಕು, ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಹೂತುಹೋಗಬಾರದು, ನೆಂಟರು ಬಂದರೆ ಏಳು ಜನ ಕೂರಬೇಕು. ಮಹೀಂದ್ರಾ ಸ್ಕಾರ್ಪಿಯೊ-ಎನ್ ಬುಕಿಂಗ್ 2022ರ ಜುಲೈ 30ರಂದು ಶುರುವಾದಾಗ ಅರ್ಧ ಗಂಟೆಯೊಳಗೆ ಒಂದು ಲಕ್ಷ ಬುಕಿಂಗ್ ಆಯಿತು. 2024ರ ಅಕ್ಟೋಬರ್ 3ರಂದು ಥಾರ್ ರಾಕ್ಸ್‌ಗೆ ಒಂದೇ ಗಂಟೆಯಲ್ಲಿ 1.76 ಲಕ್ಷ. ಎರಡಕ್ಕೂ ಟೋಕನ್ 21 ಸಾವಿರ ರೂಪಾಯಿ. ಇಂಥ ಗಾಡಿ ಬೇಕೇ ಬೇಕು ಅನ್ನುವವರು ದುಡ್ಡು ಕಟ್ಟದೆ ಕೂತರೆ ಕ್ಯೂನ ಬಾಲಕ್ಕೆ ಹೋಗುತ್ತಾರೆ. ಹಾಗಾಗಿ ಇಲ್ಲಿ ಟೋಕನ್ ಕೊಡುವುದೇ ಸರಿ.

ಆದರೆ ಎಲ್ಲಿ ಕಟ್ಟುತ್ತೀರಿ ಅನ್ನುವುದು ಮುಖ್ಯ. ಕಂಪನಿಯ ವೆಬ್‌ಸೈಟ್ ಅಥವಾ ಆಪ್‌ನಲ್ಲಿ ಕಟ್ಟಿದರೆ ಬುಕಿಂಗ್ ನಂಬರ್ ಆಗಲೇ ಮೊಬೈಲಿಗೆ ಬರುತ್ತದೆ, ತಾರೀಖು ದಾಖಲಾಗುತ್ತದೆ, ರದ್ದು ಮಾಡಿದರೆ ಎಷ್ಟು ವಾಪಸ್ ಬರುತ್ತದೆ ಅನ್ನುವುದನ್ನು ಅಲ್ಲೇ ಬರೆದಿರುತ್ತಾರೆ. ಶೋರೂಂನಲ್ಲೇ ಕಟ್ಟಿದಿರೋ, ಡೀಲರ್ ಅದನ್ನು ಕಂಪನಿಯ ಸಿಸ್ಟಂಗೆ ಹಾಕಬೇಕು. ಅಲ್ಲಿಯವರೆಗೆ ನೀವು ಕ್ಯೂನಲ್ಲೇ ಇಲ್ಲ. ಕೈಯಲ್ಲಿ ರಸೀದಿ ಇರುತ್ತದೆ, ಸೀಲ್ ಕೂಡ ಇರುತ್ತದೆ, ಆದರೆ ಕಂಪನಿಗೆ ನೀವು ಯಾರು ಅಂತಲೇ ಗೊತ್ತಿರುವುದಿಲ್ಲ. ಅದಕ್ಕೇ ಶೋರೂಂ ಬಿಟ್ಟು ಹೊರಡುವ ಮುಂಚೆ ಕಂಪನಿಯ ಮೆಸೇಜ್ ಬಂತಾ ನೋಡಿ. "ಸರ್ವರ್ ಸ್ಲೋ ಇದೆ ಸಾರ್, ಸಂಜೆಯೊಳಗೆ ಬರುತ್ತೆ" ಅಂದರೆ ನಗುತ್ತಲೇ ಹೇಳಿ, "ಸರಿ, ಹಾಗಾದ್ರೆ ದುಡ್ಡೂ ಸಂಜೆಗೇ ಹಾಕ್ತೀನಿ."

ಇನ್ನೊಂದು ಕಾರಣವೂ ಇದೆ. ಡೀಲರ್ ಅಂದರೆ ಕಂಪನಿಯ ಬ್ರಾಂಚ್ ಅಲ್ಲ. ಅದು ಬೇರೆ ವ್ಯಾಪಾರ, ಬೇರೆ ಮಾಲೀಕರು. ಕಂಪನಿಯಿಂದ ಗಾಡಿ ಕೊಂಡು ನಿಮಗೆ ಮಾರುತ್ತಾರೆ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಕೇಸಿನಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ಡೀಲರ್ ಹಳೆಯ ಗಾಡಿಯನ್ನು ಹೊಸದು ಅಂತ ಕೊಟ್ಟಿದ್ದಾರೆ ಅನ್ನುವ ದೂರು ಅದು. ಕಂಪನಿಗೆ ಆ ವಿಷಯ ಗೊತ್ತಿತ್ತು ಅಂತ ತೋರಿಸದೆ ಡೀಲರ್ ಮಾಡಿದ್ದಕ್ಕೆ ಕಂಪನಿಯನ್ನು ಹೊಣೆ ಮಾಡಲು ಆಗುವುದಿಲ್ಲ ಅಂತ ಕೋರ್ಟ್ ಹೇಳಿತು. ಅಂದರೆ ಡೀಲರ್ ಅಕೌಂಟಿಗೆ ಹಾಕಿದ ಲಕ್ಷ ರೂಪಾಯಿಗೆ ಏನಾದರೂ ಆದರೆ ಚೆನ್ನೈಗೋ ಮುಂಬೈಗೋ ಇಮೇಲ್ ಮಾಡಿ ಕಂಪನಿಯಿಂದ ವಸೂಲಿ ಮಾಡುತ್ತೇನೆ ಅನ್ನುವ ಭರವಸೆ ಇಟ್ಟುಕೊಳ್ಳಬೇಡಿ. ಜನರಲ್ ಮೋಟಾರ್ಸ್ 2017ರಲ್ಲಿ ಇಲ್ಲಿ ಶೆವರ್ಲೆ ಮಾರಾಟ ನಿಲ್ಲಿಸಿತು, 2021ರಲ್ಲಿ ಫೋರ್ಡ್ ಉತ್ಪಾದನೆ ನಿಲ್ಲಿಸುವುದಾಗಿ ಹೇಳಿತು. ದೊಡ್ಡ ಹೆಸರುಗಳೇ ಹೀಗೆ ಎದ್ದು ಹೋಗುವಾಗ ಒಬ್ಬ ಡೀಲರ್ ಬಾಗಿಲು ಹಾಕುವುದು ಆಗದ ಮಾತೇನಲ್ಲ.

ವೇಟಿಂಗ್ ಆರು ತಿಂಗಳು ಅಂದರೆ ಇನ್ನೊಂದು ಲೆಕ್ಕ ಹಾಕಿ. ಒಂದು ಲಕ್ಷ ರೂಪಾಯಿಗೆ ವರ್ಷಕ್ಕೆ 7% ಬಡ್ಡಿ ಅಂತಿಟ್ಟುಕೊಂಡರೂ ಆರು ತಿಂಗಳಿಗೆ 3,500 ರೂಪಾಯಿ ನಿಮ್ಮ ಕೈತಪ್ಪಿತು. ದೊಡ್ಡ ಮೊತ್ತ ಅಲ್ಲ, ನಿಜ. ಆದರೆ 21 ಸಾವಿರ ಕಟ್ಟಿದವನೂ ಒಂದು ಲಕ್ಷ ಕಟ್ಟಿದವನೂ ಅದೇ ಕ್ಯೂನಲ್ಲಿ ಹಿಂದೆ ಮುಂದೆ ನಿಂತಿರುವಾಗ ಜಾಸ್ತಿ ಕೊಟ್ಟು ಸಿಕ್ಕಿದ್ದೇನು? "ಜಾಸ್ತಿ ಹಾಕಿದ್ರೆ ಬೇಗ ಕೊಡಿಸ್ತೀವಿ" ಅಂತ ಹೇಳುವವರಿದ್ದಾರೆ. ಹಾಗಿದ್ದರೆ ಎಷ್ಟನೇ ತಾರೀಖು ಅಂತ ಆರ್ಡರ್ ಫಾರಂನಲ್ಲಿ ಬರೆದುಕೊಡಿ ಅನ್ನಿ. ಆಗ ಹೆಚ್ಚಿನ ಕಡೆ ಮಾತು ಬದಲಾಗುತ್ತದೆ.

ಕಾಯುವುದರಿಂದ ಲಾಭವಾದ ಉದಾಹರಣೆಯೂ ಇದೆ, ನಮ್ಮ ಮಲೆನಾಡಿನ ಜೀಪ್ ಪ್ರೇಮಿಗಳಿಗೆ ಚೆನ್ನಾಗಿ ನೆನಪಿರುತ್ತದೆ. ಮಾರುತಿ ಜಿಮ್ನಿಯನ್ನು 2023ರ ಜನವರಿಯಲ್ಲಿ ತೋರಿಸಿ ಬುಕಿಂಗ್ ತೆಗೆದುಕೊಂಡರು. ಜೂನ್‌ನಲ್ಲಿ 12.74 ಲಕ್ಷದಿಂದ ಮಾರಾಟ ಶುರುವಾಯಿತು. ಅದೇ ಡಿಸೆಂಬರ್‌ಗೆ ಥಂಡರ್ ಎಡಿಷನ್ ಅಂತ 10.74 ಲಕ್ಷಕ್ಕೆ ಕೊಟ್ಟರು. ಆರು ತಿಂಗಳಿಗೆ ಎರಡು ಲಕ್ಷ ವ್ಯತ್ಯಾಸ. ಮೊದಲ ದಿನವೇ ಬುಕ್ ಮಾಡಿದವರ ಹೊಟ್ಟೆ ಎಷ್ಟು ಉರಿದಿರಬೇಡ! ಹೊಸ ಗಾಡಿ ಬಂತು ಅಂತ ಓಡುವ ಮುಂಚೆ ಇದು ತಲೆಯಲ್ಲಿರಲಿ. ವೇಟಿಂಗ್ ಸುದ್ದಿ ಎಲ್ಲ ಗಾಡಿಗೂ ಕೊನೆತನಕ ನಿಲ್ಲುವುದಿಲ್ಲ.

ಅಡ್ವಾನ್ಸ್ ಕೊಟ್ಟರೆ ದರ ನಿಲ್ಲುತ್ತದಾ?

ನಿಲ್ಲುವುದಿಲ್ಲ. ಬಹಳ ಜನ ತಿಳಿದುಕೊಂಡಿರುವುದು ಇದಕ್ಕೆ ಉಲ್ಟಾ. ಆರ್ಡರ್ ಫಾರಂನ ಹಿಂಭಾಗ ತಿರುಗಿಸಿ. ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಡೆಲಿವರಿ ದಿನ ಇರುವ ದರವೇ ಅನ್ವಯ. ಜನವರಿಯಲ್ಲಿ ಕಂಪನಿಗಳು ದರ ಏರಿಸುವುದು ಮಾಮೂಲು. ಡಿಸೆಂಬರ್‌ನಲ್ಲಿ ಬುಕ್ ಮಾಡಿ ಫೆಬ್ರವರಿಯಲ್ಲಿ ಗಾಡಿ ತಗೊಂಡರೆ ಹೊಸ ದರ ಬೀಳುತ್ತದೆ. ಕೆಲವು ಸಲ ಇದು ಬರೀ ಒಂದೆರಡು ಪರ್ಸೆಂಟ್ ವಿಷಯವಾಗಿ ಉಳಿಯುವುದಿಲ್ಲ. ಕರ್ನಾಟಕದಲ್ಲಿ ಕಾರಿನ ಬೆಲೆ 5ರಿಂದ 10 ಲಕ್ಷದೊಳಗಿದ್ದರೆ ಲೈಫ್‌ಟೈಮ್ ಟ್ಯಾಕ್ಸ್ 14%, 10 ಲಕ್ಷ ದಾಟಿ 20 ಲಕ್ಷದವರೆಗೆ 17%, ಮೇಲೆ ಸೆಸ್ ಬೇರೆ. 9.95 ಲಕ್ಷದ ಕಾರಿಗೆ ಟ್ಯಾಕ್ಸ್ 1,39,300. ದರ ಹತ್ತು ಸಾವಿರ ಏರಿ 10.05 ಲಕ್ಷ ಆಯಿತು ಅನ್ನಿ, ಟ್ಯಾಕ್ಸ್ 1,70,850ಕ್ಕೆ ಹೋಗುತ್ತದೆ. ಹತ್ತು ಸಾವಿರದ ಏರಿಕೆ ನಲವತ್ತು ಸಾವಿರದ ಹೊಡೆತ ಆಯಿತು. ಇದರ ಮೇಲೆ 10 ಲಕ್ಷ ದಾಟಿದ ಗಾಡಿಗೆ 1% ಟಿಸಿಎಸ್ (ಮಾರುವವರೇ ಮೊದಲೇ ವಸೂಲಿ ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ, ಅದು ಐಟಿ ರಿಟರ್ನ್ಸ್ ಹಾಕಿದಾಗ ಲೆಕ್ಕಕ್ಕೆ ಸಿಗುತ್ತದೆ ಬಿಡಿ. ನಿಮ್ಮ ಗಾಡಿ ಈ ಗೆರೆಯ ಹತ್ತಿರ ಇದ್ದರೆ ಡೆಲಿವರಿ ತಾರೀಖಿನ ಬಗ್ಗೆ ಹಟ ಹಿಡಿಯುವುದರಲ್ಲಿ ಅರ್ಥ ಇದೆ.

ದರ ಇಳಿಯುವುದೂ ಉಂಟು. 2025ರ ಆಗಸ್ಟ್ 15ರ ಭಾಷಣದಲ್ಲಿ ಪ್ರಧಾನಿ ಜಿಎಸ್‌ಟಿ ಬದಲಾವಣೆಯ ಮಾತು ಎತ್ತಿದರು, ಸೆಪ್ಟೆಂಬರ್ 22ಕ್ಕೆ, ನವರಾತ್ರಿಯ ಮೊದಲ ದಿನ, ಹೊಸ ದರ ಜಾರಿಯಾಯಿತು. ಸಣ್ಣ ಕಾರುಗಳ ಮೇಲಿದ್ದ 28% ಜಿಎಸ್‌ಟಿ 18%ಗೆ ಇಳಿಯಿತು, 350 ಸಿಸಿವರೆಗಿನ ಬೈಕ್‌ಗಳಿಗೂ ಅಷ್ಟೇ. ಇಲ್ಲೂ ಲೆಕ್ಕಕ್ಕೆ ಬಂದದ್ದು ಬಿಲ್ ಆದ ದಿನವೇ, ಬುಕ್ ಮಾಡಿದ ದಿನ ಅಲ್ಲ. ಸಣ್ಣ ಟೋಕನ್ ಕಟ್ಟಿದವರು "ನಿಧಾನಕ್ಕೆ ಬಿಲ್ ಮಾಡಿ, ಅವಸರ ಇಲ್ಲ" ಅಂತ ಆರಾಮವಾಗಿ ಹೇಳಬಹುದಿತ್ತು. ಮುಕ್ಕಾಲು ಹಣ ಕಟ್ಟಿ ಕೂತವರಿಗೆ ಹಾಗೆ ಹೇಳುವುದು ಅಷ್ಟು ಸುಲಭವಾ?

ದರ ನಿಲ್ಲಿಸಿಕೊಡುವ ಬುಕಿಂಗ್ ಇಲ್ಲವೇ ಇಲ್ಲ ಅಂತಲ್ಲ. ಸ್ಕಾರ್ಪಿಯೊ-ಎನ್ ಮೊದಲ 25 ಸಾವಿರ ಬುಕಿಂಗ್‌ಗೆ ಆರಂಭಿಕ ದರವನ್ನೇ ಕೊಡುತ್ತೇವೆ ಅಂತ ಕಂಪನಿಯೇ ಘೋಷಿಸಿತ್ತು. ಹಾಗೆ ಕಂಪನಿ ಬಹಿರಂಗವಾಗಿ ಹೇಳಿದ್ದರೆ ನಂಬಿ, ಅಂಥ ಕಡೆ ಬೇಗ ಟೋಕನ್ ಹಾಕುವುದು ಜಾಣತನ. ಶೋರೂಂ ಟೇಬಲ್ ಮೇಲೆ ಬಾಯಲ್ಲಿ ಹೇಳಿದ್ದು ಬೇರೆ.

ದೊಡ್ಡ ಮೊತ್ತ ಯಾವಾಗ

ಗಾಡಿ ಯಾರ್ಡ್‌ಗೆ ಬಂದು, ಚಾಸಿಸ್ ನಂಬರ್ ಕೊಟ್ಟು, ನೀವು ಹೋಗಿ ಕಣ್ಣಾರೆ ನೋಡಿದ ಮೇಲೆ. ಇದು ನನ್ನ ಕಟ್ಟುನಿಟ್ಟಿನ ಮಾತು. ಹೊಸನಗರದಿಂದಲೋ ಸೊರಬದಿಂದಲೋ ಮತ್ತೊಮ್ಮೆ ಶಿವಮೊಗ್ಗಕ್ಕೆ ಬರುವುದು ರಗಳೆ ಅಂತ ಫೋಟೋ ನೋಡಿ ಪೂರ್ತಿ ಹಣ ಹಾಕುವವರು ಬಹಳ ಜನ. ಹಾಗೆ ಮಾಡಬೇಡಿ. ಹಗಲಲ್ಲಿ ಹೋಗಿ. ಮಳೆ ನೀರು ಮೈಮೇಲೆ ಇರುವಾಗ ಬಣ್ಣದ ಗೀರು ಕಾಣುವುದಿಲ್ಲ, ಒರೆಸಲು ಹೇಳಿ. ಬಾನೆಟ್ ತೆಗೆಸಿ, ಟಯರ್ ನೋಡಿ, ಓಡೋಮೀಟರ್ ನೋಡಿ. ಗಾಡಿ ಯಾವ ತಿಂಗಳು ತಯಾರಾದದ್ದು ಅಂತ ಕೇಳಿ, ಡೀಲರ್ ಕೊಡುವ ಮಾರಾಟದ ಸರ್ಟಿಫಿಕೇಟ್ ಅಂದರೆ ಫಾರಂ 21ರಲ್ಲಿ ತಯಾರಿಕೆಯ ತಿಂಗಳು, ವರ್ಷ ಇರಲೇಬೇಕು. ಜನವರಿಯಲ್ಲಿ ಬುಕ್ ಮಾಡಿದವರಿಗೆ ಹಿಂದಿನ ವರ್ಷದ ಸ್ಟಾಕ್ ಕೊಡುವುದು ಹೊಸದೇನಲ್ಲ. ಕೊಡಲಿ, ಆದರೆ ಅದಕ್ಕೆ ತಕ್ಕ ಡಿಸ್ಕೌಂಟ್ ಇರಬೇಕು. ಮರುಮಾರಾಟಕ್ಕೆ ಹೋದಾಗ ವರ್ಷ ನೋಡಿಯೇ ಬೆಲೆ ಕಟ್ಟುತ್ತಾರೆ.

ಗಾಡಿ ಸರಿ ಇದೆ ಅಂತ ಆದ ಮೇಲೆ ಉಳಿದ ಹಣ ಹಾಕಿ. ಸಾಲ ಇದ್ದರೆ ಬ್ಯಾಂಕಿನಿಂದ ಡೀಲರ್‌ಗೆ ಹಣ ಬಿಡುಗಡೆ ಆಗುವುದೂ ಈ ಹಂತದಲ್ಲೇ ಇರಲಿ. ಮೊದಲೇ ಬಿಡುಗಡೆ ಆದರೆ ಗಾಡಿ ಇಲ್ಲದೆಯೇ ಬಡ್ಡಿ ಓಡುತ್ತದೆ. ಬುಕ್ ಮಾಡುವಾಗ ಸಾಲ ಮಂಜೂರಾಗಿರದಿದ್ದರೆ, ಸಾಲ ಸಿಗದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್ ಅಂತ ಫಾರಂನಲ್ಲಿ ಒಂದು ಸಾಲು ಬರೆಸಿ. ಪಹಣಿ, ಸೊಸೈಟಿ ಸಾಲ ಅಂತ ಬ್ಯಾಂಕಿನವರು ಏನೇನೋ ಕೇಳಿ ತಡ ಮಾಡುವುದು ನಮಗೆ ಗೊತ್ತಿಲ್ಲದ್ದಾ.

ಪಿಕಪ್ ಗಾಡಿ, ಟ್ರ್ಯಾಕ್ಟರ್ ತಗೊಳ್ಳುವವರಿಗೂ ಇದೇ ಲೆಕ್ಕ. ಸಬ್ಸಿಡಿ ಇರುವ ಯಂತ್ರವಾದರೆ ಮಾತ್ರ, ಇಲಾಖೆಯ ಮಂಜೂರಾತಿ ಕೈಗೆ ಬರುವ ಮುಂಚೆ ಡೀಲರ್‌ಗೆ ದುಡ್ಡು ಬೇಡ.

ರಸೀದಿ, ಕ್ಯಾಶ್, ಕ್ಯೂಆರ್

ಮಂಡಿಯಿಂದ ಬಂದ ಕ್ಯಾಶನ್ನು ಹಾಗೇ ಚೀಲದಲ್ಲಿ ತಂದು ಕೊಡುವ ರೂಢಿ ಇನ್ನೂ ಇದೆ. ಆದಾಯ ತೆರಿಗೆ ಕಾನೂನಿನ ಪ್ರಕಾರ ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತಗೊಳ್ಳುವ ಹಾಗಿಲ್ಲ, 2017ರಿಂದ ಇದು ಜಾರಿಯಲ್ಲಿದೆ. ಇವತ್ತು ಒಂದೂವರೆ, ನಾಳೆ ಒಂದೂವರೆ ಅಂತ ಒಡೆದು ಕೊಟ್ಟರೂ ಒಂದೇ ಗಾಡಿಯಾದರೆ ಒಂದೇ ವ್ಯವಹಾರ. ದಂಡ ಬೀಳುವುದು ತಗೊಂಡವರಿಗೆ, ಆದರೂ ನಿಮಗೆ ಆ ರಗಳೆ ಯಾಕೆ? ಬ್ಯಾಂಕ್ ಮೂಲಕವೇ ಹಾಕಿ.

ಹಾಕುವಾಗ ಹೆಸರು ನೋಡಿ. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಫೋನಿನಲ್ಲಿ ಡೀಲರ್ ಸಂಸ್ಥೆಯ ಹೆಸರು ಬರಬೇಕು, ಎಕ್ಸಿಕ್ಯೂಟಿವ್ ಹುಡುಗನ ಹೆಸರಲ್ಲ. ಸಾಗರ, ತೀರ್ಥಹಳ್ಳಿ ಕಡೆ ಮನೆ ಬಾಗಿಲಿಗೇ ಬಂದು ಬುಕಿಂಗ್ ಮಾಡಿಕೊಂಡು ಹೋಗುತ್ತಾರೆ. ಒಳ್ಳೆಯ ಸೌಕರ್ಯವೇ. ಆದರೆ "ನನ್ನ ನಂಬರಿಗೇ ಹಾಕಿ ಸಾರ್, ನಾನು ಆಫೀಸಿಗೆ ಕಟ್ತೀನಿ" ಅಂದರೆ ಅಲ್ಲಿಗೇ ನಿಲ್ಲಿಸಿ. ಹುಡುಗ ಒಳ್ಳೆಯವನೇ ಇರಬಹುದು, ಮುಂದಿನ ತಿಂಗಳು ಬೇರೆ ಶೋರೂಂ ಸೇರಿಕೊಂಡರೆ ನಿಮ್ಮ ದುಡ್ಡಿನ ಲೆಕ್ಕ ಯಾರನ್ನು ಕೇಳುತ್ತೀರಿ?

ರಸೀದಿಯಲ್ಲಿ ಮಾಡೆಲ್, ವೇರಿಯಂಟ್, ಬಣ್ಣ, ಬುಕಿಂಗ್ ನಂಬರ್, ಅಂದಾಜು ಡೆಲಿವರಿ ತಾರೀಖು, ರದ್ದು ಮಾಡಿದರೆ ಎಷ್ಟು ಕಡಿತ ಅನ್ನುವುದು ಇರಲಿ. ಕಡಿತದ ಜಾಗ ಖಾಲಿ ಬಿಟ್ಟಿದ್ದರೆ ನೀವೇ ಪೆನ್ ತಗೊಂಡು "ಪೂರ್ತಿ ವಾಪಸ್" ಅಂತ ಬರೆದು ಸಹಿ ಕೇಳಿ. ಸಹಿ ಹಾಕಲು ಹಿಂದೆ ಮುಂದೆ ನೋಡಿದರೆ ಉತ್ತರ ಅಲ್ಲೇ ಸಿಕ್ಕಿತು. ಇನ್ಶೂರೆನ್ಸ್ ತಮ್ಮಲ್ಲೇ ಮಾಡಿಸಿದರೆ ಮಾತ್ರ ಬುಕಿಂಗ್ ಅನ್ನುವುದಕ್ಕೂ ತಲೆಯಾಡಿಸಬೇಡಿ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ (ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ) ಕಡ್ಡಾಯ, ಆದರೆ ಅದನ್ನು ಎಲ್ಲಿ ಮಾಡಿಸುತ್ತೀರಿ ಅನ್ನುವುದು ನಿಮ್ಮಿಷ್ಟ.

ಆಷಾಢದ ಲೆಕ್ಕ

ಆಷಾಢದಲ್ಲಿ ಹೊಸ ಗಾಡಿ ಮನೆಗೆ ತರುವವರು ಕಡಿಮೆ. ಸುರಿಯುವ ಮಳೆ ಬೇರೆ. ಶೋರೂಂಗಳು ಖಾಲಿ ಹೊಡೆಯುತ್ತಿರುತ್ತವೆ, ಚೌಕಾಸಿಗೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಅದಕ್ಕೇ ಕೆಲವರು ಆಷಾಢದಲ್ಲಿ ಟೋಕನ್ ಕೊಟ್ಟು ಶ್ರಾವಣಕ್ಕೆ ಡೆಲಿವರಿ ಅನ್ನುತ್ತಾರೆ. ಉಪಾಯ ಚೆನ್ನಾಗಿದೆ, ಆದರೆ ಒಂದು ತೊಡಕಿದೆ. ತಿಂಗಳ ಆಫರ್ ಸಿಗುವುದು ಆ ತಿಂಗಳು ಬಿಲ್ ಆದ ಗಾಡಿಗೆ. ಜುಲೈ ಆಫರ್ ತೋರಿಸಿ ಅಡ್ವಾನ್ಸ್ ತಗೊಂಡು ಆಗಸ್ಟ್‌ನಲ್ಲಿ ಬಿಲ್ ಮಾಡುವಾಗ "ಆಫರ್ ಮುಗಿತಲ್ಲ ಸಾರ್" ಅಂದರೆ ಜಗಳ ಆಡಿ ಪ್ರಯೋಜನ ಇಲ್ಲ. ಹಾಗಾಗಿ ಡಿಸ್ಕೌಂಟ್ ಮೊತ್ತವನ್ನು ಡೀಲರ್ ಕಡೆಯಿಂದಲೇ ಬರೆಸಿಕೊಳ್ಳಿ, ಇಲ್ಲಾಂದ್ರೆ ಜುಲೈನಲ್ಲೇ ಬಿಲ್ ಮಾಡಿಸಿ ಗಾಡಿಯನ್ನು ಶ್ರಾವಣದ ಒಳ್ಳೆ ದಿನ ನೋಡಿ ತನ್ನಿ. ಎರಡನೆಯದರಲ್ಲಿ ಪೂರ್ತಿ ಹಣ ಮೊದಲೇ ಹೋಗುತ್ತದೆ, ಇನ್ಶೂರೆನ್ಸ್ ದಿನಗಳೂ ಯಾರ್ಡ್‌ನಲ್ಲೇ ಕರಗುತ್ತವೆ. ಡಿಸ್ಕೌಂಟ್ ಅದಕ್ಕಿಂತ ದೊಡ್ಡದಾಗಿದ್ದರೆ ಮಾತ್ರ ಮಾಡಿ.

ಆಯುಧಪೂಜೆ, ದೀಪಾವಳಿ ಹೊತ್ತಿಗೆ ಆಟ ಪೂರ್ತಿ ತಿರುಗುತ್ತದೆ. ಅದೇ ದಿನ ಗಾಡಿ ಬೇಕು ಅನ್ನುವವರು ಒಂದು ತಿಂಗಳ ಮುಂಚೆ ಟೋಕನ್ ಕಟ್ಟುವುದೇ ವಾಸಿ.

ರದ್ದು ಮಾಡಿದರೆ

ಮನಸ್ಸು ಬದಲಾಯಿತು, ಅಥವಾ ಅವರು ಹೇಳಿದ ದಿನಕ್ಕೆ ಗಾಡಿ ಬರಲಿಲ್ಲ. ಫೋನ್‌ನಲ್ಲಿ ಹೇಳಿ ಬಿಡಬೇಡಿ, ಇಮೇಲ್ ಮಾಡಿ, ಕಂಪನಿಯ ಕಸ್ಟಮರ್ ಕೇರ್‌ಗೂ ಒಂದು ಪ್ರತಿ ಹಾಕಿ. ಫಾರಂನಲ್ಲಿ ಬರೆದಿದ್ದಕ್ಕಿಂತ ಜಾಸ್ತಿ ಹಿಡಿಯಲು ಬಂದರೆ ಒಪ್ಪಬೇಡಿ. "ಜಿಎಸ್‌ಟಿ ಕಟ್ಟಿಬಿಟ್ಟಿದ್ದೀವಿ, ಅಷ್ಟು ಕಟ್ ಆಗುತ್ತೆ" ಅನ್ನುವ ಮಾತೂ ಬರುತ್ತದೆ. ವಸ್ತುಗಳ ಮಾರಾಟಕ್ಕೆ ತಗೊಂಡ ಅಡ್ವಾನ್ಸ್ ಮೇಲೆ ಜಿಎಸ್‌ಟಿ ಕಟ್ಟಬೇಕಾಗಿಲ್ಲ ಅಂತ 2017ರ ನವೆಂಬರ್‌ನಲ್ಲೇ ಅಧಿಸೂಚನೆ ಆಗಿದೆ. ಬಿಲ್ ಆಗದ ಗಾಡಿಗೆ ಜಿಎಸ್‌ಟಿ ಕಟ್ಟಿದ್ದೇವೆ ಅಂದರೆ ಅದು ಸುಮ್ನೆ ಹೇಳುವ ಮಾತು.

ದುಡ್ಡು ಬರದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಬುಕ್ ಮಾಡಿದ್ದರೂ ಕೇಸು ಶಿವಮೊಗ್ಗದಲ್ಲೇ ಹಾಕಬಹುದು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ, ವಕೀಲರನ್ನು ಇಡಲೇಬೇಕು ಅಂತಲೂ ಇಲ್ಲ, ಆನ್‌ಲೈನ್‌ನಲ್ಲೇ ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು ಅಷ್ಟೇ. ಅಲ್ಲಿ ಕೇಳುವುದು ಆರ್ಡರ್ ಫಾರಂ, ರಸೀದಿ, ಬ್ಯಾಂಕ್ ಎಂಟ್ರಿ, ನೀವು ಕಳಿಸಿದ ಇಮೇಲ್. ಇವಿಷ್ಟರ ಫೋಟೋ ತೆಗೆದು ಬುಕ್ ಮಾಡಿದ ದಿನವೇ ಮನೆಯವರ ಫೋನಿಗೂ ಕಳಿಸಿಟ್ಟಿರಿ.